ಪದುಮಲೆಯ ಜಡೆ

"ಸೋಮಾಪುರದ ಪ್ರಜೆಗಳು ಕೇಳಬೇಕು. ಅರಸು ಮಲ್ಲದೇವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆದಂಡ."

ರಾಜಕುಮಾರಿ ಪದುಮಲೆ ತೀರಿಕೊಂಡು ತಿಂಗಳು ತುಂಬಿದ ದಿನ ಹೀಗೆ ಡಂಗುರ ಸಾರಿದರು.

ಮೊದಲು ಬಂದವನು ನೆರೆರಾಜ್ಯದ ಯುವರಾಜ. ಅರಸ ಕೇಳಿದ, "ಮಗಳ ಮೈಯಲ್ಲಿ ಹುಟ್ಟಿದ್ದು, ಅವಳು ಹೋದರೂ ನನ್ನ ಹತ್ತಿರ ಉಳಿದಿದೆ. ಏನದು?"

"ಅವಳ ಕೀರ್ತಿ."

"ಕೀರ್ತಿ ಮೈಯಲ್ಲಿ ಹುಟ್ಟುವುದಿಲ್ಲ," ಎಂದ ಅರಸ. ಯುವರಾಜನ ತಲೆ ಹೋಯಿತು.

ಆಮೇಲೆ ಮಂತ್ರಿಯ ಮಗ ಬಂದ. ಅದು ಕೂದಲೆಂದು ಸರಿಯಾಗಿ ಹೇಳಿದ. ಅರಸ ಎರಡನೆಯದನ್ನು ಕೇಳಿದ, "ಬಾಯಿಲ್ಲದ ಆ ಕೂದಲು ಅವಳು ಉಂಡದ್ದರಲ್ಲೆಲ್ಲ ಪಾಲು ಪಡೆದಿದೆ ಎಂದು ನಮ್ಮ ಕುರುಡು ವೈದ್ಯರು ಹೇಳಿ ಕಣ್ಮುಚ್ಚಿದರು. ಯಾವ ಪಾಲು ಯಾವಾಗಿನದು, ತಿಳಿಯುವುದು ಹೇಗೆ?"

"ಜೋಯಿಸರನ್ನು ಕೇಳಬೇಕು," ಎಂದ ಹುಡುಗ. ಮಗನ ಶವವನ್ನು ಮಂತ್ರಿ ತಾನೇ ಹೊತ್ತು ಮನೆಗೊಯ್ದ.

ಅಕ್ಕಸಾಲಿಗರ ಬೀದಿಯ ಕಸದ ಮಣ್ಣು ತೊಳೆದು ಚಿನ್ನದ ಹುಡಿ ಹೆಕ್ಕುವ ಮಾಚನೆಂಬ ಯುವಕನಿದ್ದ. ರಾಜಕುಮಾರಿಗೆ ಸಾಯುವ ಮೊದಲು ವಿಪರೀತ ಹೊಟ್ಟೆನೋವಿತ್ತು, ಒಸಡಿನ ಮೇಲೆ ನೀಲಿ ಗೆರೆ ಮೂಡಿತ್ತು ಎಂದು ಅವನ ಕಿವಿಗೆ ಬಿತ್ತು. ಸೀಸ ಕರಗಿಸುವ ಒಲೆಯ ಮುಂದೆ ದುಡಿದ ಅವನ ಅವ್ವನೂ ಹಾಗೇ ಸತ್ತಿದ್ದಳು. ಎರಡು ಒಗಟು ಆಗಲೇ ಊರಿಗೆಲ್ಲ ಗೊತ್ತಾಗಿದ್ದವು. ಮಾಚ ಅರಮನೆಗೆ ಹೋದ.

"ನಮಸ್ಕಾರ ಬುದ್ಧಿ. ಮೊದಲನೆಯದು ಕೂದಲು. ಕೂದಲು ಬುಡದಿಂದ ಬೆಳೆಯುತ್ತದೆ, ತಿಂಗಳಿಗೆ ಅರ್ಧ ಬೆರಳಗಲದಷ್ಟು. ತುದಿಯಲ್ಲಿರುವುದು ಹಳೆಯದು, ಬುಡದಲ್ಲಿರುವುದು ಇತ್ತೀಚಿನದು. ತುಂಡು ಮಾಡಿ ಒಂದೊಂದನ್ನೇ ಸುಟ್ಟು ನೋಡಬೇಕು. ಇದು ಎರಡನೆಯದಕ್ಕೆ ಉತ್ತರ."

ಅರಸ ಸಿಂಹಾಸನದಿಂದ ಇಳಿದು ಬಂದ. ಮೂರನೆಯದನ್ನು ಕೇಳಿದ, "ನನ್ನ ಮಗಳನ್ನು ಕೊಂದವರು ಯಾರು?"

"ಜಡೆ ಕೊಡಿ."

ಅರಸ ತಾನೇ ತಂದುಕೊಟ್ಟ. ಮಾಚ ಮೊದಲ ತುಂಡು ಕತ್ತರಿಸಿದಾಗ ಅರಸ ಮುಖ ತಿರುಗಿಸಿಕೊಂಡ. ಮಾಚ ಪ್ರತಿ ತುಂಡನ್ನೂ ಬೇರೆ ಬೇರೆ ಮೂಸೆಯಲ್ಲಿ ಸುಟ್ಟು ಬೂದಿ ತೊಳೆದ. ತುದಿಯ ತುಂಡುಗಳಲ್ಲಿ ಏನೂ ಸಿಗಲಿಲ್ಲ. ಬುಡದ ಐದು ಬೆರಳಗಲದಷ್ಟರಲ್ಲಿ ಮಾತ್ರ ಕಂದು ಬಣ್ಣದ ಕಣಗಳು ನಿಂತವು.

"ಸೀಸ, ಬುದ್ಧಿ. ಹತ್ತು ತಿಂಗಳಿಂದ ದಿನಾ ಹೊಟ್ಟೆಗೆ ಹೋಗಿದೆ. ಹತ್ತು ತಿಂಗಳ ಹಿಂದೆ ಹೊಸದಾಗಿ ಏನು ಕೊಡಲು ಶುರುಮಾಡಿದಿರಿ?"

ಅರಸ ಹೇಳಿದ, "ಜ್ವರ ಬಂದು ಸೊರಗಿದ್ದಳು. ಪರದೇಶದ ವ್ಯಾಪಾರಿಯೊಬ್ಬ ಶಕ್ತಿ ಬರುತ್ತದೆಂದು ಬಿಳಿ ಪುಡಿ ಕೊಟ್ಟ. ಸಕ್ಕರೆಯಂತೆ ಸಿಹಿ. ಹಾಲಿಗೆ ಬೆರೆಸಿ ಕುಡಿಸುತ್ತಿದ್ದೆವು."

"ಸೀಸದಿಂದ ಮಾಡಿದ ಪುಡಿಯೂ ಸಿಹಿಯೇ, ಬುದ್ಧಿ. ಯಾರ ಕೈಯಿಂದ ಕುಡಿಸಿದಿರಿ?"

"ನನ್ನ ಕೈಯಿಂದ. ಬೇರೆಯವರು ಕೊಟ್ಟರೆ ಕುಡಿಯುತ್ತಿರಲಿಲ್ಲ."

ಮಾಚ ತಲೆ ತಗ್ಗಿಸಿ ನಿಂತ. "ಮೂರನೆಯ ಉತ್ತರ ನಾನು ಹೇಳಬೇಕೆ, ಬುದ್ಧಿ?"

"ಬೇಡ," ಎಂದ ಅರಸ. "ಅರ್ಧ ರಾಜ್ಯ ನಿನ್ನದು."

"ರಾಜ್ಯದ ಮಾತು ಆಮೇಲೆ. ಆ ಪುಡಿಯನ್ನು ಇನ್ನು ಯಾರಾದರೂ ಕುಡಿಯುತ್ತಿದ್ದಾರೆಯೆ?"

ಉಳಿದ ಪುಡಿ ಕಿರಿಯ ಮಗಳ ಕೈಗೆಟುಕುವಲ್ಲೇ ಇತ್ತು. ಅರಸ ಎದ್ದು ಅಂತಃಪುರದ ಕಡೆಗೆ ಓಡಿದ.

ಮಾಚನಿಗೆ ಮಾತು ಕೊಟ್ಟಂತೆ ಅರ್ಧ ರಾಜ್ಯ ಸಂದಿತು. ತಲೆ ಕಳೆದುಕೊಂಡ ಇಬ್ಬರ ತಂದೆತಾಯಿಯರ ಮುಂದೆ ಅರಸ ನೆಲಕ್ಕೆ ಹಣೆ ಹಚ್ಚಿದ. ಮಂತ್ರಿ ಅವನನ್ನು ಏಳೆನ್ನಲಿಲ್ಲ.

ಕಿರಿಯ ಮಗಳು ಚೆನ್ನಾಜಿಗೆ ಐದು ವರ್ಷ. ಮರುದಿನ ಬೆಳಿಗ್ಗೆ ಅರಸ ಬರಿಯ ಹಾಲು ತಂದ. ಅವಳು ಒಂದು ಗುಟುಕು ಕುಡಿದು ಬಟ್ಟಲು ತಳ್ಳಿದಳು.

"ಸಿಹಿ ಹಾಕಿಲ್ಲ, ಅಪ್ಪಾಜಿ. ಅಕ್ಕನಿಗೆ ಮಾತ್ರ ಹಾಕುತ್ತಿದ್ದಿರಿ. ನಿಮಗೆ ನನ್ನ ಮೇಲೆ ಪ್ರೀತಿಯೇ ಇಲ್ಲ."

ಅರಸ ಬಟ್ಟಲನ್ನು ಮತ್ತೆ ಅವಳ ತುಟಿಗೆ ಹಿಡಿದ.