ಬಳ್ಳಿಯ ತಲೆ

"ಗುರುಗಳೇ, ಕಾಡು ಕದಿಯುವವರಿಗೆ ಏನು ಶಿಕ್ಷೆ?" ಎಂದು ಶಿಷ್ಯ ನಿಂಗಯ್ಯ ಕೇಳಿದ.

ಅವನ ಕೈಯಲ್ಲಿ ಒಂದು ಚೀಲವಿತ್ತು. ಮಠದ ಬೆಟ್ಟದಲ್ಲಿ ಕಾಡುಗೆಣಸು ಅಗೆಯುತ್ತಿದ್ದ ಸೋಲಿಗರ ಮುದುಕಿಯನ್ನು ಆ ಬೆಳಿಗ್ಗೆ ಓಡಿಸಿ ಬಂದಿದ್ದ. ಅವಳು ಮುಚ್ಚಿದ್ದ ಗುಂಡಿಗಳನ್ನು ಕೆದಕಿ, ಬಚ್ಚಿಟ್ಟ ಮಾಲನ್ನೆಲ್ಲ ಹಿಡಿದು ತಂದಿದ್ದ. ಗುರುಗಳಿಂದ ಶಭಾಷ್ ಎನ್ನಿಸಿಕೊಳ್ಳುವ ಆಸೆ.

ಗುರು ಚೀಲದೊಳಗೆ ಇಣುಕಿದರು. ಅವರ ಮುಖ ಕೆಂಪಾಯಿತು.

"ಕೂತುಕೋ, ಮಹಾರಾಯ" ಎಂದು ಕತೆ ಶುರುಮಾಡಿದರು.

ಒಬ್ಬ ಒಡೆಯನಿಗೆ ಒಂದು ಕಾಡು ಸಿಕ್ಕಿತು. ಯಾರೋ ಕೊಟ್ಟರು, ಇವನು ಇಸಿದುಕೊಂಡ. ಅಲ್ಲಿ ತಲೆಮಾರುಗಳಿಂದ ಬದುಕಿದ್ದ ಹೆಂಗಸರನ್ನು ಒಂದು ಮಾತು ಕೇಳಿದವರಿಲ್ಲ. ಒಂದು ದಿನ ಒಬ್ಬ ಹೆಂಗಸು ಗೆಣಸು ಅಗೆದು ಗುಂಡಿ ಮುಚ್ಚುತ್ತಿದ್ದುದು ಅವನ ಕಣ್ಣಿಗೆ ಬಿತ್ತು.

"ಕದಿಯುವುದಲ್ಲದೆ ಗುರುತು ಬೇರೆ ಅಳಿಸುತ್ತೀಯಾ?" ಎಂದು ಗದರಿದ.

"ಇಲ್ಲ ಬುದ್ಧಿ, ಮತ್ತೆ ಚಿಗುರಲೆಂದು ಬಳ್ಳಿಯ ತಲೆ ಹೂಳುತ್ತಿದ್ದೇನೆ. ನಮ್ಮವ್ವ ಹೂಳಿದ್ದನ್ನು ನಾನು ತಿಂದೆ. ನಾನು ಹೂಳದಿದ್ದರೆ ನನ್ನ ಮಗಳು ಏನು ತಿನ್ನಬೇಕು?" ಎಂದಳು.

ಅದು ಒಡೆಯನ ಕಿವಿಗೆ ಹೋಗಬೇಕಲ್ಲ! ಹೆಂಗಸಿನಿಂದ, ಅದೂ ಕಾಡಿನ ಹೆಂಗಸಿನಿಂದ, ಇವನು ಪಾಠ ಹೇಳಿಸಿಕೊಳ್ಳುವುದೇ? ಎಲ್ಲರನ್ನೂ ಕಾಡಿನಿಂದ ಹೊರಗಟ್ಟಿದ. ಆಳುಗಳನ್ನು ಬಿಟ್ಟು ಮುಚ್ಚಿದ ಗುಂಡಿಗಳನ್ನೆಲ್ಲ ತೋಡಿಸಿದ. ಸಿಕ್ಕ ಗೆಣಸಿನ ತಲೆಗಳನ್ನು ಅಂಗಳದಲ್ಲಿ ರಾಶಿ ಹಾಕಿ, ಬಂದವರಿಗೆಲ್ಲ ಕಳ್ಳಮಾಲು ತೋರಿಸಿ ಮೀಸೆ ತಿರುವಿದ. ನಾಲ್ಕು ದಿನದ ಬಿಸಿಲಿಗೆ ಅವು ಒಣಗಿ ಕೊರಡಾದವು.

ಮಳೆ ಬಂತು, ಬಳ್ಳಿ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಕಾಡಿನಲ್ಲಿ ಕೆದಕಲು ಏನೂ ಸಿಗದ ಹಂದಿಗಳು ಒಡೆಯನ ಹೊಲಕ್ಕೇ ನುಗ್ಗಿದವು. ಆಗಲಾದರೂ ಬುದ್ಧಿ ಬಂತೇ? ಎಲ್ಲಿಂದ ಬರಬೇಕು! ಕಳ್ಳಿಯರು ಇನ್ನೂ ಒಳಗೆ ನುಸುಳುತ್ತಿದ್ದಾರೆಂದು ಕಾವಲು ಹೆಚ್ಚಿಸಿದ, ಅಷ್ಟೇ. ಕಾಡಿನ ಅಂಚಿನ ಗುಡಿಸಲಲ್ಲಿ ಆ ಹೆಂಗಸಿನ ಮಗಳು ಹೊಟ್ಟೆಗಿಲ್ಲದೆ ಮಲಗಿದ್ದು ಯಾವ ಕಾವಲಿನವನಿಗೂ ಕಾಣಲಿಲ್ಲ.

ಗುರುವಿನ ದನಿ ಸಿಟ್ಟಿಗೆ ನಡುಗುತ್ತಿತ್ತು. ನಿಂಗಯ್ಯ ಮೆಲ್ಲಗೆ ಚೀಲವನ್ನು ಬೆನ್ನ ಹಿಂದೆ ಸರಿಸಿದ.

ಗುರು ಎದ್ದು ನಿಂತು ಹೇಳಿದರು: "ಬಚ್ಚಿಡಬೇಡ, ನಿಂಗಯ್ಯ, ಕದ್ದ ಮಾಲು ಒಣಗುವ ಮೊದಲು ಒಡತಿಗೆ ಒಪ್ಪಿಸಿ ಬಾ."