ಹೂಂಗುಟ್ಟದ ಕುಂಬಾರ

"ಗುರುಗಳೇ, ಎಲ್ಲರ ಮನಸ್ಸಿನೊಳಗೂ ಹೊಕ್ಕು ಬರುವ ಕತೆಗಾರ ದೊಡ್ಡವನೋ, ಒಬ್ಬನ ಕಣ್ಣಿಗೆ ಕಂಡಷ್ಟನ್ನೇ ಹೇಳುವವನು ದೊಡ್ಡವನೋ?" ಎಂದು ಶಿಷ್ಯ ಕೇಳಿದ. ಅವನು ಕತೆ ಬರೆಯಲು ಹೊರಟಿದ್ದ. ಮೊದಲ ಸಾಲು ಇನ್ನೂ ಬಂದಿರಲಿಲ್ಲ. ಕತೆಯ ಲಕ್ಷಣಗಳು ಮಾತ್ರ ಎಲ್ಲವೂ ಬಾಯಿಗೆ ಬಂದಿದ್ದವು.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದರು. "ಸುಮ್ಮನೆ ಕೂರಬೇಡ, ನೀನೂ ಬಿಡಿಸು, ಹೇಳುತ್ತೇನೆ" ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನಿಗೆ ಒಂದು ಕತ್ತೆ ಇತ್ತು. ಕೆರೆಯಿಂದ ಮಣ್ಣು ತರುವುದಕ್ಕೂ ಅದೇ, ಸಂತೆಗೆ ಮಡಕೆ ಒಯ್ಯುವುದಕ್ಕೂ ಅದೇ. ಆ ಊರಿನ ಸಾಹುಕಾರನಿಗೆ ಪುಣ್ಯದ ಆಸೆ ಹುಟ್ಟಿತು; ಒಂದು ಛತ್ರ ಕಟ್ಟಿಸಲು ಹೊರಟ. ಕಲ್ಲು ಸಾಗಿಸಲು ನಾಲ್ಕು ದಿನ ಬೇಕು ಎಂದು ಕುಂಬಾರನ ಕತ್ತೆಯನ್ನು ಕೇಳಿ ತರಿಸಿಕೊಂಡ. ಆ ನಾಲ್ಕು ದಿನ ಕುಂಬಾರನೂ ಅದರ ಜೊತೆ ಕಲ್ಲು ಹೊತ್ತ.

ಛತ್ರ ಎದ್ದು ನಿಂತಿತು. ಕತ್ತೆ ಮಾತ್ರ ವಾಪಸು ಬರಲಿಲ್ಲ. ಕುಂಬಾರ ಕೇಳಲು ಹೋದಾಗಲೆಲ್ಲ ಸಾಹುಕಾರ ಒಳಗಿನಿಂದ ಮಜ್ಜಿಗೆ ತರಿಸಿ ಕೊಡುತ್ತಿದ್ದ. ಮಜ್ಜಿಗೆ ಕುಡಿದ ಮೇಲೆ ಕತ್ತೆಯ ಮಾತು ಎತ್ತಲು ಕುಂಬಾರನಿಗೆ ನಾಚಿಕೆಯಾಗುತ್ತಿತ್ತು. ಮನೆಗೆ ಬಂದು ಮಣ್ಣಿನ ಬುಟ್ಟಿಯನ್ನು ತನ್ನ ತಲೆಯ ಮೇಲೇ ಇಟ್ಟುಕೊಳ್ಳುತ್ತಿದ್ದ.

"ಕತ್ತೆ ಎಲ್ಲಿ ಅಂದರೆ ಮಜ್ಜಿಗೆ ಚೆನ್ನಾಗಿತ್ತು ಅಂತೀಯಲ್ಲ! ಇನ್ನೊಂದು ಲೋಟ ಕುಡಿದು ಬಾ, ನನ್ನನ್ನೂ ಅಲ್ಲೇ ಕಟ್ಟಿ ಬರುತ್ತೀಯ" ಎಂದು ಹೆಂಡತಿ ಬೈಯುತ್ತಿದ್ದಳು. ಅವಳ ಕುತ್ತಿಗೆಯೂ ಮಣ್ಣು ಹೊತ್ತು ಬಿಗಿದುಹೋಗಿತ್ತು.

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಹತ್ತು ಜನರ ಎದುರು ಹೇಳುವ ಕತೆಗೆ, ಆ ಕತೆಯಲ್ಲಿ ಬರುವವನೇ ಹೂಂಗುಟ್ಟಬೇಕು. ಹೂಂ ಅಂದರೆ ಒಪ್ಪಿದ ಹಾಗೆ. ಹೂಂ ಬಿದ್ದ ಕತೆಯನ್ನು ಮುಂದೆ ಯಾರೂ ತಳ್ಳಿಹಾಕುವಂತಿಲ್ಲ. ಹೂಂ ಬೀಳದೆ ಕತೆ ಮುಂದಕ್ಕೆ ಹೋಗುವಂತಿಲ್ಲ. ಕತೆ ಮುಗಿಯದೆ ಊಟಕ್ಕೆ ಎಲೆ ಹಾಕುವಂತೆಯೂ ಇಲ್ಲ.

ಸಾಹುಕಾರ ಛತ್ರದ ಪ್ರವೇಶಕ್ಕೆ ಊರಿಗೆಲ್ಲ ಊಟ ಹೇಳಿದ. ಛತ್ರದ ಕತೆ ಹೇಳಲು ಪೇಟೆಯಿಂದ ಒಬ್ಬ ಕತೆಗಾರನನ್ನು ಕರೆಸಿದ. ಬಂದವನಿಗೆ ಹೊಸ ಧೋತರ, ತುಪ್ಪದ ಊಟ. ಉಂಡು, ಮಲಗಿ, ಎದ್ದ ಹೊತ್ತಿಗೆ ಊರಿನ ಎಲ್ಲರ ಮನಸ್ಸೂ ಅವನಿಗೆ ತಿಳಿದುಬಿಟ್ಟಿತ್ತು. ಇಂಥವರ ಹಣೆಬರಹವೇ ಅಷ್ಟು. ಉಳ್ಳವನ ಅನ್ನ ಹೊಟ್ಟೆಗೆ ಬಿದ್ದ ಕೂಡಲೇ ಇಲ್ಲದವನ ಮನಸ್ಸು ಕಣ್ಣಿಗೆ ಕಾಣತೊಡಗುತ್ತದೆ.

ಜನ ಸೇರಿದರು. ಕುಂಬಾರನನ್ನು ಮುಂದೆ ಕೂರಿಸಿದರು. ಕತ್ತೆ ಎದುರಿಗೇ, ಛತ್ರದ ಕಂಬಕ್ಕೆ ಕಟ್ಟಿತ್ತು. ಕುಂಬಾರ ಅದನ್ನು ನೋಡಿದ. ಇವತ್ತು ಹೂಂ ಅಂದರೆ ಇನ್ನು ಸಾಯುವ ತನಕ ಮಣ್ಣು ನಮ್ಮ ಗಂಡ-ಹೆಂಡಿರ ತಲೆಯ ಮೇಲೇ ಎಂದು ಅವನಿಗೆ ತಿಳಿದಿತ್ತು.

ಕತೆಗಾರ ಗಂಟಲು ಸರಿಮಾಡಿಕೊಂಡ. "ಧಣಿಗಳ ಧರ್ಮಕಾರ್ಯ ಕಂಡು ಕುಂಬಾರನ ಎದೆ ತುಂಬಿ ಬಂತು. ಈ ಕತ್ತೆ ಇನ್ನು ಮುಂದೆ ಧಣಿಗಳದೇ ಆಗಲಿ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ."

ಎಲ್ಲರೂ ಕುಂಬಾರನ ಬಾಯಿ ನೋಡಿದರು. ಬಾಯಿ ತೆರೆಯಲಿಲ್ಲ.

"ಹೂಂ ಅನ್ನಯ್ಯಾ."

"ನಾನು ಹಾಗೆ ಅಂದುಕೊಳ್ಳಲಿಲ್ಲ ಸ್ವಾಮಿ."

"ಬಾಯಲ್ಲಿ ಅಂದೆ ಅಂತ ನಾನೆಲ್ಲಿ ಹೇಳಿದೆ? ಮನಸ್ಸಿನಲ್ಲಿ."

"ನನ್ನ ಮನಸ್ಸಿಗೆ ತಾವು ಯಾವಾಗ ಬಂದಿದ್ದಿರಿ? ನಾನು ಇಲ್ಲದ ಹೊತ್ತು ನೋಡಿ ಬಂದಿರಾ?"

ಹಿಂದೆ ಯಾರೋ ಕಿಸಕ್ಕೆಂದರು. ಕತೆಗಾರ ದಾರಿ ಬದಲಿಸಿದ. "ಸರಿ, ನಿನ್ನ ಮನಸ್ಸು ಬೇಡ. ಧಣಿಗಳು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಅವರು ಜಗಲಿಯಲ್ಲಿ ಕುಳಿತು ನೋಡುತ್ತಾರೆ, ಕಲ್ಲು ಸಾಗಿಸುವ ಕುಂಬಾರನ ಮುಖ ಹೂವಿನ ಹಾಗೆ ಅರಳಿದೆ."

"ನಾನು ಕಲ್ಲು ಹೊತ್ತು ಆಚೆ ಹೋಗುತ್ತಿದ್ದೆ. ಧಣಿಗಳಿಗೆ ಕಂಡದ್ದು ನನ್ನ ಬೆನ್ನು. ಬೆನ್ನು ಅರಳಿತ್ತಾ ಕೇಳಿ."

ಸಾಹುಕಾರ ಕೆಮ್ಮಿದ. ಒಳಗೆ ಅನ್ನ ಆರುತ್ತಿತ್ತು. ಜನರ ಹೊಟ್ಟೆ ಚುರುಗುಟ್ಟುತ್ತಿತ್ತು. "ಲೋ, ಪಾಯಸ ಗಟ್ಟಿಯಾಗುತ್ತೆ ಕಣೋ, ಒಂದು ಹೂಂ ಅಂದರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಒಬ್ಬ ಕೂಗಿದ.

"ಕತ್ತೆ ಹೋಗುತ್ತೆ" ಎಂದ ಕುಂಬಾರ.

"ಮೇಲೆ ಕೈಲಾಸದಲ್ಲಿ ಕುಳಿತ ಶಿವ ಎಲ್ಲವನ್ನೂ ನೋಡಿದ" ಎಂದು ಕತೆಗಾರ ಕೈ ಎತ್ತಿ ರಾಗವಾಗಿ ಶುರುಮಾಡಿದ. "ನೋಡಿ, ಈ ಕತ್ತೆ ಛತ್ರಕ್ಕೇ ಸಲ್ಲಬೇಕೆಂದು ತಲೆದೂಗಿದ!"

"ಹಾಗಾದರೆ ಇದಕ್ಕೆ ಹೂಂ ಅನ್ನಬೇಕಾದವನು ಅವನು. ಅನ್ನಲಿ, ನಾನು ಕಾಯುತ್ತೇನೆ."

ಎಲ್ಲರೂ ಒಂದು ಗಳಿಗೆ ಮೇಲೆ ನೋಡಿದರು. ಕೈಲಾಸದಿಂದ ಏನೂ ಬರಲಿಲ್ಲ. ಅಡುಗೆಮನೆಯಿಂದ ಸಾರಿನ ವಾಸನೆ ಬಂತು.

ಕತೆಗಾರನಿಗೆ ಈಗ ಬೆವರು ಕಿತ್ತುಕೊಂಡಿತು. ಸುತ್ತ ನೋಡಿದ. ಹೊಕ್ಕು ನೋಡದ ಮನಸ್ಸು ಒಂದೇ ಉಳಿದಿತ್ತು. "ಕತ್ತೆ ತನ್ನೊಳಗೇ ಅಂದುಕೊಂಡಿತು: ಆ ಬಡವನ ಮನೆಯ ಒಣಹುಲ್ಲು ಸಾಕು, ನಾನು ಧಣಿಗಳ ಬಾಗಿಲಲ್ಲೇ ಇರುತ್ತೇನೆ."

ಕುಂಬಾರ ದಡಕ್ಕನೆ ಎದ್ದ. "ಅದು ನನ್ನ ಕತ್ತೆ! ಅದರ ಮನಸ್ಸು ನನಗೆ ಗೊತ್ತು. ಅದಕ್ಕೆ ನನ್ನ ಮನೆಯೇ ಬೇಕು."

"ಧಣಿಗಳ ಮನೆ ಬೇಕು!"

"ನನ್ನ ಮನೆ ಬೇಕು! ಅದು ಬಾಲ ಅಲ್ಲಾಡಿಸುವುದು ನೋಡಿದರೇ ಗೊತ್ತಾಗುತ್ತೆ."

"ಅದು ನೊಣ ಓಡಿಸುತ್ತಿದೆ ಕಣಯ್ಯಾ!"

"ನಮ್ಮ ಮನೆಯ ನೆನಪಾದಾಗ ಅದು ನೊಣ ಓಡಿಸುವುದೇ ಹಾಗೆ!"

ಇಬ್ಬರೂ ಕಂಬದ ಎರಡು ಕಡೆ ನಿಂತು ಕಿರುಚಾಡಿದರು. ನೆರಳು ಸರಿಯಿತು. ಮಕ್ಕಳು ಅನ್ನ ಅನ್ನ ಎಂದು ಅಳತೊಡಗಿದವು. ಕೊನೆಗೆ ಊರಿನ ಹಿರಿಯನೊಬ್ಬ ಎದ್ದು, "ಹೂಂ ಬೀಳಲಿಲ್ಲ. ಕತೆ ನಿಲ್ಲಲಿಲ್ಲ. ಅವನ ಕತ್ತೆ ಅವನಿಗೆ ಕೊಟ್ಟು ಎಲೆ ಹಾಕಿಸಿ ಸಾಹುಕಾರ್ರೇ, ಇಲ್ಲದಿದ್ದರೆ ನಿಮ್ಮ ಛತ್ರದಲ್ಲಿ ಮೊದಲ ದಿನವೇ ಹೆಣ ಬೀಳುತ್ತೆ" ಎಂದ. ಸಾಹುಕಾರ ಕೈ ಬೀಸಿ ಹೂಂ ಅಂದ. ಆ ದಿನ ಅಲ್ಲಿ ಬಿದ್ದದ್ದು ಅದೊಂದೇ ಹೂಂ. ಕುಂಬಾರ ಹಗ್ಗ ಬಿಚ್ಚಿಕೊಂಡು, ಊಟಕ್ಕೂ ನಿಲ್ಲದೆ, ಗೆದ್ದ ಖುಷಿಯಲ್ಲಿ ಮನೆಯತ್ತ ನಡೆದ.

ಶಿಷ್ಯ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡ. "ತಿಳಿಯಿತು ಗುರುಗಳೇ. ನಾನು ಕುಂಬಾರನ ಕಣ್ಣಿನಿಂದಲೇ ಬರೆಯುತ್ತೇನೆ. ಅನ್ಯಾಯ ಉಂಡವನ ಕಣ್ಣಿಗೆ ಎಲ್ಲವೂ ಕಾಣುತ್ತದೆ."

ಗುರುಗಳು ಹೇಳಿದರು: "ಅಷ್ಟು ಹೊತ್ತೂ ಆ ಕತ್ತೆಯ ಬೆನ್ನ ಮೇಲೆ ಯಾರೂ ಇಳಿಸದ ಎರಡು ಮೂಟೆ ಸುಣ್ಣ ಇತ್ತು, ಕುಂಬಾರನಿಗೆ ಕಾಣಲಿಲ್ಲ, ಅದಕ್ಕೇ ನಾನೂ ಹೇಳಲಿಲ್ಲ."