ಓಬಳಯ್ಯ ಓಡಿದ ಹೊತ್ತು

ಕೂತ್ಕೊಳ್ರಪ್ಪ, ಹೇಳ್ತೀನಿ. ಎಷ್ಟು ಸಲ ಹೇಳೋದು, ನಾಲಿಗೆ ಸವೆದುಹೋಯ್ತು, ಆದ್ರೂ ನೀವು ಬಿಡಲ್ಲ. ಬಹಳ ಹಿಂದಿನ ಮಾತು, ನಮ್ಮಜ್ಜಿಯ ಅಜ್ಜಿಗೂ ಹಿಂದಿಂದು. ಒಂದೂರಲ್ಲಿ, ಯಾವ್ದೋ ಊರಲ್ಲ, ನಮ್ಮ ಗುಂಡ್ಲುಕೆರೆಯಲ್ಲೇ, ಓಬಳಯ್ಯ ಅಂತ ಒಬ್ಬ ನೀರುಗಂಟಿ ಇದ್ದನಂತೆ. ಕೆರೆ ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಸರದಿ ನೋಡಿ ಬಿಡೋದು, ಅದೇ ಅವನ ಕೆಲಸ.

ಆಗೆಲ್ಲ ಹೊತ್ತು ಅಳೀತಿದ್ದದ್ದು ತಳದಲ್ಲಿ ತೂತಿರೋ ತಾಮ್ರದ ಬಟ್ಟಲಲ್ಲಿ. ನೀರಿನ ಮೇಲೆ ಬಿಟ್ಟರೆ ನಿಧಾನಕ್ಕೆ ತುಂಬಿ ಮುಳುಗ್ತದೆ, ಮುಳುಗಿದರೆ ಒಬ್ಬನ ಸರದಿ ಮುಗೀತು. ನಮ್ಮೋರೇನು ಕಮ್ಮೀನಾ? ಒಬ್ಬ ತೂತಿಗೆ ರಾಗಿ ಕಾಳು ಸಿಕ್ಕಿಸಿದ, ಇನ್ನೊಬ್ಬ ತೂತನ್ನೇ ದೊಡ್ಡದು ಮಾಡಿದ. ವರ್ಷ ವರ್ಷ ಕಾಲುವೆ ಮೇಲೆ ತಲೆ ಒಡೀತಿದ್ದವು. ಒಂದು ವರ್ಷ ಅಣ್ಣನೇ ತಮ್ಮನ ಮೇಲೆ ಗುದ್ದಲಿ ಎತ್ತಿ, ತಮ್ಮ ಅಲ್ಲೇ ಸತ್ತನಂತೆ.

ಹೀಗಿರುವಾಗ ನೆಲ ಅಳೆಯೋಕೆ ಬಂದ ಒಬ್ಬ ಬಿಳಿ ದೊರೆ ಚಳಿಜ್ವರ ಬಂದು ಕೆರೆ ಏರಿ ಮೇಲೆ ಬಿದ್ದನಂತೆ. ಊರೋರೆಲ್ಲ ಹಿಂದೆ ಮುಂದೆ ನೋಡಿದರು. ಓಬಳಯ್ಯ ಹೊತ್ತು ತಂದ, ಅವನ ಹೆಂಡತಿ ಮಾರಕ್ಕ ಗಂಜಿ ಕುಡಿಸಿ ಉಳಿಸಿಕೊಂಡಳು. ಹೋಗೋವಾಗ ಆ ದೊರೆ ಜೇಬಿನಿಂದ ಚಿನ್ನದ ಗಡಿಯಾರ ತೆಗೆದು ಓಬಳಯ್ಯನ ಕೈಗಿಟ್ಟನಂತೆ. ಅವನ ತಾತನ ಕಾಲದ್ದು. ಅಂಥವು ಅವನ ಸೀಮೆಯಲ್ಲೂ ಬೆರಳೆಣಿಕೆಯಷ್ಟೇ ಇದ್ದವಂತೆ.

ಅದರೊಳಗೆ ಕೂದಲಷ್ಟು ಸಣ್ಣದೊಂದು ಚಿನ್ನದ ಪಟ್ಟಿ, ಚಕ್ರದ ಹಲ್ಲನ್ನ ಒಂದು ಸಲಕ್ಕೆ ಒಂದೇ ಅಂತ ಬಿಡ್ತಿತ್ತಂತೆ, ನಮ್ಮ ತೂಬು ನೀರು ಬಿಡೋ ಹಾಗೆ. ಅದಕ್ಕೇ ಅದು ಚೂರೂ ಹಿಂದೆ ಮುಂದೆ ಆಗ್ತಿರಲಿಲ್ಲ. ಆದ್ರೆ ಭಾರೀ ಕೋಪಿಷ್ಠ. ಕುಲುಕಿದರೆ ನಿಂತುಬಿಡೋದು. ನಿಂತಮೇಲೆ ಎಷ್ಟು ಕೀಲಿ ಕೊಟ್ಟರೂ ಏಳದು. ಅಂಗೈಲಿಟ್ಟು ಕೈನ ಮೆಲ್ಲಗೆ ಒಂದ್ಸಲ ತಿರುಗಿಸಬೇಕು, ಆಗ ಏಳೋದು.

ನೀರುಗಂಟಿ ಹತ್ರ ಚಿನ್ನ ಏನು ಚೆಂದ ಅಂತ ಊರ ಗೌಡ ಅದನ್ನ ಇಸ್ಕೊಂಡು, ಸೊಂಟಕ್ಕೆ ಸಿಕ್ಕಿಸಿ ಕುದುರೆ ಹತ್ತಿದನಂತೆ. ಊರಬಾಗಿಲು ದಾಟೋದ್ರೊಳಗೆ ನಿಂತುಹೋಯ್ತು. ಕೀಲಿ ಕೊಟ್ಟ, ಬೈದ, ನಿಂಬೆಹಣ್ಣು ನಿವಾಳಿಸಿದ. ಊಹುಂ! ಪೀಡೆ ತೊಲಗಲಿ ಅಂತ ವಾಪಸ್ ಕೊಟ್ಟ. ಓಬಳಯ್ಯ ಅಂಗೈಲಿಟ್ಟು ತಿರುಗಿಸಿದ್ದೇ ತಡ, ಟಿಕ್ ಟಿಕ್ ಅಂತಂತೆ. ಅವತ್ತಿಂದ ಜನ ಅಂದರು, ಓಬಳಯ್ಯ ಬೇಕಾದ್ರೆ ಸುಳ್ಳು ಹೇಳಿಯಾನು, ಆ ಗಡಿಯಾರ ಹೇಳಲ್ಲ. ಬಟ್ಟಲು ಬಿಟ್ಟು ಸರದಿಯೆಲ್ಲ ಅದನ್ನ ನೋಡಿಯೇ ಆಯ್ತು, ಕಾಲುವೆ ಮೇಲಿನ ಜಗಳ ನಿಂತುಹೋಯ್ತು.

ಅವನ ಪಾಡು ಮಾತ್ರ ಕೇಳಬೇಡಿ. ತುಂಬಿದ ಕೊಡ ಹೊತ್ತೋನ ಹಾಗೆ, ಎದೆ ಮೇಲೆ ಕೈ ಇಟ್ಕೊಂಡೇ ನಡೀತಿದ್ದನಂತೆ. ಓಡಲಿಲ್ಲ, ಜಿಗಿಯಲಿಲ್ಲ, ಮಳೆ ಬಂದರೂ ಬಿರುಸಾಗಿ ಹೆಜ್ಜೆ ಹಾಕಲಿಲ್ಲ. ಮಲಗಿದರೂ ಅಂಗಾತ, ಹೊರಳೋ ಹಾಗಿಲ್ಲ. ಸರದಿ ನಡುವೆ ಅದು ನಿಂತರೆ ಮತ್ತೆ ಹೆಣ ಬೀಳ್ತದೆ ಅಂತ ಅವನಿಗೆ ಭಯ. ಊರಿಗೆ ನಿದ್ದೆ ಬಂತು, ಅವನಿಗೆ ಹೋಯ್ತು. ನೀನು ನನ್ನ ಕಟ್ಕೊಂಡೆಯೋ ಅದನ್ನ ಕಟ್ಕೊಂಡೆಯೋ ಅಂತ ಮಾರಕ್ಕ ಛೇಡಿಸಿದರೆ, ಅವನು ನಗೋಕೂ ಹೆದರ್ತಿದ್ದನಂತೆ, ಎದೆ ಕುಲುಕ್ತದೆ ಅಂತ.

ಒಂದು ಮಧ್ಯಾಹ್ನ ಮಾರಕ್ಕ ಬಟ್ಟೆ ಒಗೆಯೋಕೆ ಕೆರೆಗೆ ಬಂದಳಂತೆ. ತೂಬಿನ ಮೆಟ್ಟಿಲೆಲ್ಲ ಪಾಚಿ. ಕಾಲು ಜಾರಿ ಆಳಕ್ಕೆ ಬಿದ್ದಳು. ಓಬಳಯ್ಯ ಕೆಳಗೆ ಗದ್ದೆ ಬದುವಿನ ಮೇಲಿದ್ದ. ಸಿದ್ಲಿಂಗ ಅನ್ನೋನ ಸರದಿ ಮುಗಿಯೋಕೆ ಬಂದಿತ್ತು, ಮುಂದಿನದು ಕೆಂಚ ಅನ್ನೋನ್ದು. ಮಾರಕ್ಕ ಕೂಗಿದಳು. ಓಬಳಯ್ಯ ಹೊರಟ. ನಡೆದ. ಕೇಳ್ರೋ, ನಡೆದನಂತೆ! ಹೆಂಡತಿ ಮುಳುಗ್ತಾ ಇದ್ದಾಳೆ, ಇವನು ಎದೆ ಮೇಲೆ ಕೈ ಇಟ್ಕೊಂಡು ನಡೀತಾ ಇದ್ದಾನೆ. ಆಮೇಲೆ ಆ ಕೂಗು ನಿಂತುಹೋಯ್ತಂತೆ. ಆಗ ಓಡಿದ.

ಮುಡಿ ಹಿಡಿದು ಎಳೆದು, ಏರಿ ಮೇಲೆ ಬೋರಲು ಹಾಕಿ, ಕುಡಿದ ನೀರೆಲ್ಲ ಕಕ್ಕಿಸಿದನಂತೆ. ಕಣ್ಣು ಬಿಟ್ಟೋಳು ಕೇಳಿದ್ದು ಒಂದೇ ಮಾತು.

"ಓಡಿ ಬಂದ್ಯಾ?"

ಹೂಂ ಅನ್ನಬಹುದಿತ್ತು, ಯಾರು ಕಂಡಿದ್ರು? "ಮೊದ್ಲು ನಡೆದೆ ಕಣೇ. ಆಮೇಲೆ ಓಡಿದೆ" ಅಂದನಂತೆ. ಮಾರಕ್ಕ ಮುಖ ಆ ಕಡೆಗೆ ತಿರುಗಿಸಿಕೊಂಡಳು.

ಗಡಿಯಾರ ನಿಂತಿತ್ತು. ನೀರು ಮಾತ್ರ ಸಿದ್ಲಿಂಗನ ಗದ್ದೆಗೆ ಹರೀತಾನೇ ಇತ್ತು. ಅದು ನನ್ನ ನೀರು ಅಂತ ಕೆಂಚ, ನನ್ನ ಸರದಿ ಇನ್ನೂ ಮುಗಿದಿಲ್ಲ ಅಂತ ಸಿದ್ಲಿಂಗ, ಇಬ್ಬರ ಕಡೆಯೋರೂ ಗುದ್ದಲಿ ಹಿಡಿದು ಏರಿ ಹತ್ತಿದರು. ಸುಮ್ನೆ ತಿರುಗಿಸಿ ಅಂದಾಜಿಗೆ ಮುಳ್ಳು ಕೂರಿಸಿಬಿಡು, ಯಾರಿಗೆ ಗೊತ್ತಾಗ್ತದೆ ಅಂತ ಗೌಡ ಕಿವಿಯಲ್ಲಿ ಹೇಳಿದನಂತೆ. ಓಬಳಯ್ಯ ಒಪ್ಪಲಿಲ್ಲ. ಒದ್ದೆ ಬಟ್ಟೆಯಲ್ಲೇ ಎರಡು ಗುಂಪಿನ ನಡುವೆ ಹೋಗಿ, ಗಡಿಯಾರನ ತೂಬಿನ ಕಲ್ಲ ಮೇಲಿಟ್ಟ.

"ನಾನು ನಡೆದ ಹೊತ್ತು ನಿಮ್ದು, ಹಂಚ್ಕೊಳಿ. ಓಡಿದ ಹೊತ್ತು ಅವಳ್ದು. ಅದಕ್ಕೆ ಯಾರೂ ಕೈ ಹಾಕಬೇಡಿ" ಅಂದನಂತೆ.

ಮತ್ತೆ ಅದನ್ನ ಮುಟ್ಟಲಿಲ್ಲ. ಹೋಗಿ ಮಾರಕ್ಕನ ಪಕ್ಕ ಕೂತ. ಸುಸ್ತಾಗಿತ್ತು ಪಾಪ, ಎಷ್ಟು ವರ್ಷದ ಸುಸ್ತೋ ಏನೋ. ಗುದ್ದಲಿ ಹಿಡಿದೋರು ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಅವರೂ ಒಬ್ಬೊಬ್ಬರೇ ಕೂತರಂತೆ. ಗಡಿಯಾರ ಏನಾಯ್ತು ಅಂತ ನನ್ನ ಕೇಳಬೇಡಿ. ಗೌಡನ ಮನೆ ಸೇರ್ತು ಅಂತಾರೆ, ಕೆರೆ ಪಾಲಾಯ್ತು ಅಂತಾರೆ. ನಾನಂತೂ ಕಂಡಿಲ್ಲ.

ಈಗಲೂ ನಮ್ಮೂರಲ್ಲಿ ತೂಬು ಎತ್ತಿದ ಕೂಡಲೇ ಸರದಿ ಶುರುವಾಗಲ್ಲ. ಮೊದಲ ನೀರು ಯಾರ ಗದ್ದೆಗೂ ಇಲ್ಲ, ದನ ಕುಡಿಯೋ ಹಳ್ಳಕ್ಕೆ ಬಿಡ್ತಾರೆ. ಅದಕ್ಕೆ ಮಾರಕ್ಕನ ನೀರು ಅಂತಾರೆ. ಕೈಗೆ ವಾಚು ಕಟ್ಟಿದೋರು ಬಿಚ್ಚಿಡಬೇಕು, ಮೊಬೈಲು ಇರೋರು ಮನೇಲಿ ಬಿಟ್ಟು ಬರಬೇಕು. ಎಷ್ಟು ಹೊತ್ತು ಬಿಡ್ತೀರಿ ಅಂತ ಯಾರಾದ್ರೂ ಕೇಳಿದರೋ, ಹೆಂಗಸರು ಬಾಯಿಗೆ ಬಂದ ಹಾಗೆ ಬೈತಾರೆ. ನೀರುಗಂಟಿ ಹೆಂಡತಿ ಏರಿ ಮೇಲೆ ಕೂತು ಬುತ್ತಿ ಬಿಚ್ಚಿ ಉಣ್ತಾಳೆ. ಅವಳು ಉಂಡು ಕೈ ತೊಳೆದ ಮೇಲೇನೇ ನೀರು ಗದ್ದೆಗೆ ತಿರುಗಿಸೋದು. ಅವಳು ನಿಧಾನಕ್ಕೆ ಉಣ್ತಾಳೆ. ಊರೆಲ್ಲ ಕಾಯ್ತದೆ.